ಹಳೆಯ ಜೀಪಿಗೆ ಹೊಸ ಡೀಸೆಲ್ ಇಂಜಿನ್: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಇಂಜಿನ್ ಕೂರಿಸಿ ಆಗಿದೆ, ವೈರಿಂಗ್ ಮುಗಿದಿದೆ. ಆದರೆ ಜೀಪು ಸ್ಟಾರ್ಟ್ ಆಗುತ್ತಿಲ್ಲ. ಸ್ಟಾರ್ಟ್ ಆದರೂ ಎಳೆಯುತ್ತಿಲ್ಲ. ಎಳೆದರೂ ಘಾಟಿ ಹತ್ತುವಷ್ಟರಲ್ಲಿ ನೀರು ಕುದಿಯುತ್ತದೆ. ಈ ಹಂತದಲ್ಲಿ ಸಿಕ್ಕಿಕೊಂಡವರಿಗಾಗಿ ಈ ಕೈಪಿಡಿ.

ಉದಾಹರಣೆಗೆ ಇಟ್ಟುಕೊಂಡಿರುವುದು ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ತೋಟಗಳಲ್ಲಿ ಇಂದಿಗೂ ದುಡಿಯುವ ವಿಲ್ಲಿಸ್ ವಿನ್ಯಾಸದ ಸಿಜೆ3ಬಿ ಜೀಪನ್ನು. ಅದರ ಮೂಲ ಹರಿಕೇನ್ ಪೆಟ್ರೋಲ್ ಇಂಜಿನ್ 2.2 ಲೀಟರಿನದು, ತಿರುಚು ಬಲ ಸುಮಾರು 155 ನ್ಯೂಟನ್ ಮೀಟರ್. ಅದರ ಜಾಗಕ್ಕೆ ಬರುವುದು 2010ರಲ್ಲಿ ಬಂದ ಮಹೀಂದ್ರ ಥಾರ್‌ನ 2498 ಸಿಸಿ ಕಾಮನ್ ರೇಲ್ (ಒಂದೇ ಕೊಳವೆಯಲ್ಲಿ ಭಾರಿ ಒತ್ತಡದಲ್ಲಿ ಡೀಸೆಲ್ ಕೂಡಿಟ್ಟು ಎಲ್ಲ ಸಿಲಿಂಡರಿಗೂ ಹಂಚುವ) ಡೀಸೆಲ್: 105 ಎಚ್‌ಪಿ, 247 ನ್ಯೂಟನ್ ಮೀಟರ್. ನಿಮ್ಮದು ಮಹೀಂದ್ರದ ಎಂಎಂ540 ಜೀಪು ಆಗಿರಲಿ, ಇಂಜಿನ್ ಬೇರೆ ಕಂಪನಿಯದಾಗಿರಲಿ, ಹುಡುಕುವ ಕ್ರಮ ಇದೇ.

ಮೂಲ ಗಾಡಿಯಲ್ಲಿ ಸರಿಯಾಗಿ ಓಡುತ್ತಿದ್ದ ಇಂಜಿನ್ ಜೀಪಿಗೆ ಬಂದ ಕಾರಣಕ್ಕೇ ಕೆಡುವುದಿಲ್ಲ. ಹಳೆಯದೂ ಹೊಸದೂ ಕೂಡುವ ಜಾಗಗಳಲ್ಲಿ ದೋಷ ಅಡಗಿರುತ್ತದೆ: ಹಳೆ ಚಾಸಿಯ ಅರ್ತ್, ಪೆಟ್ರೋಲ್ ಕಾಲದ ಟ್ಯಾಂಕು, ಒಂದೇ ತಂತಿಯ ಬ್ರೇಕ್ ಲೈಟ್ ಸ್ವಿಚ್ಚು, ಕಡಿಮೆ ಒತ್ತಡಕ್ಕೆ ಮಾಡಿದ ರೇಡಿಯೇಟರ್, ಇಂಜಿನ್ನನ್ನು ಗೇರ್‌ಬಾಕ್ಸಿಗೆ ಕೂಡಿಸಲು ಲೇತಿನಲ್ಲಿ ಮಾಡಿಸಿದ ಅಡಾಪ್ಟರ್ ಪ್ಲೇಟು. ಆದ್ದರಿಂದ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚುವ ಕೆಲಸ ಎಲ್ಲಕ್ಕಿಂತ ಕೊನೆಗೆ. ಮೊದಲೇ ಇಂಜೆಕ್ಟರ್ ಸೆಟ್ ತರಿಸಿ ಹಣ ಕಳೆದುಕೊಂಡವರು ಬಹಳ ಮಂದಿ.

ಕೈ ಹಾಕುವ ಮುನ್ನ

ಹಳೆ ಪ್ಯೂಜೋ ಡೀಸೆಲ್‌ನಲ್ಲಿ ಇಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು ನೋಡುವುದು ಎಲ್ಲ ಗ್ಯಾರೇಜುಗಳ ರೂಢಿ. ಕಾಮನ್ ರೇಲ್‌ನಲ್ಲಿ ಇದನ್ನು ಮಾಡಲೇಬೇಡಿ. ರೇಲ್‌ನೊಳಗಿನ ಒತ್ತಡ ಐಡ್ಲಿಂಗಿನಲ್ಲೇ 250ರಿಂದ 350 ಬಾರ್, ಪೂರ್ತಿ ಎಳೆತದಲ್ಲಿ 1,300 ಬಾರ್‌ಗೂ ಮೇಲೆ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಗಾಯ, ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾತ್ರ ಮಾಂಸ ಕೊಳೆಯಲು ಶುರುವಾಗುತ್ತದೆ. ಹಾಗಾದರೆ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ಬಿಡಿಸಿ ಹೇಳಿ. ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಇಂಜಿನ್ ನಿಲ್ಲಿಸಿ ಹತ್ತು ನಿಮಿಷವಾದರೂ ಆಗುವ ತನಕ ಒತ್ತಡದ ಪೈಪು ಬಿಚ್ಚಬೇಡಿ.

ಚಾಸಿಗೆ ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿಯ ಎರಡೂ ಕೇಬಲ್ ಬಿಚ್ಚಿ, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್ ಎಳೆದಿಡಿ. "ಒಂದೇ ಒಂದು ಟ್ಯಾಕ್" ಎಂದುಕೊಂಡು ಹಚ್ಚಿದ ವೆಲ್ಡಿಂಗಿಗೂ ಇಸಿಯು ಸುಡಬಹುದು.

ಇಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಟರ್ಬೊದ ಸೀಲ್ ಹೋಗಿ ಆಯಿಲ್ ಗಾಳಿಯ ದಾರಿಗೆ ಬಂದರೆ ಇಂಜಿನ್ ಆ ಆಯಿಲನ್ನೇ ಉರಿಸಿಕೊಂಡು ರೇಸ್ ಆಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಗೇರಿನಲ್ಲಿದ್ದರೆ ಟಾಪ್ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಬಿಟ್ಟು ಇಂಜಿನ್ ಬಂದ್ ಮಾಡಿ. ನಿಂತ ಗಾಡಿಯಾದರೆ ಗಾಳಿಯ ಬಾಯಿಗೆ ದಪ್ಪ ಹಲಗೆ ಒತ್ತಿ. ಅಂಗೈಯನ್ನೋ ಬಟ್ಟೆಯನ್ನೋ ಇಡಬೇಡಿ. ಹೊಸದಾಗಿ ಕೂರಿಸಿದ ಇಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡುವಾಗ ಆ ಹಲಗೆ ಪಕ್ಕದಲ್ಲೇ ಇರಲಿ.

ಬೇಕಾಗುವ ಸಾಮಾನು: ಡಿಜಿಟಲ್ ಮಲ್ಟಿಮೀಟರ್, 21 ವ್ಯಾಟ್ ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪ್, ಅರ್ಧ ಮೀಟರ್ ಪಾರದರ್ಶಕ ಡೀಸೆಲ್ ಹೋಸ್, ಒಂದೇ ಅಳತೆಯ ನಾಲ್ಕು ಸಣ್ಣ ಬಾಟಲಿ, ರೇಲ್ ಒತ್ತಡವನ್ನು ತೋರಿಸಬಲ್ಲ ಸ್ಕ್ಯಾನರ್. ಅಗ್ಗದ ಬ್ಲೂಟೂತ್ ಡಾಂಗಲ್‌ಗಳಲ್ಲಿ ಆರ್‌ಪಿಎಂ, ನೀರಿನ ಬಿಸಿ, ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒತ್ತಡ ಬರುತ್ತವೆ. ಆರಂಭಕ್ಕೆ ಅಷ್ಟು ಸಾಕು.

ಸೆಲ್ಫ್ ಎಳೆಯುವುದಿಲ್ಲ, ಅಥವಾ ನಿಧಾನ ತಿರುಗುತ್ತದೆ

ಪೆಟ್ರೋಲ್ ಜೀಪಿನ ಸಣ್ಣ ಬ್ಯಾಟರಿ ಈ ಇಂಜಿನ್ನಿಗೆ ಸಾಲದು. 70ರಿಂದ 80 ಎಎಚ್ ಇರಲಿ, ಸ್ಟಾರ್ಟರ್ ಕೇಬಲ್ 35 ಚದರ ಮಿಮೀಗಿಂತ ಕಡಿಮೆಯಾಗದಿರಲಿ. ಸುಮ್ಮನಿದ್ದಾಗ ಬ್ಯಾಟರಿ 12.4 ವೋಲ್ಟಿಗಿಂತ ಮೇಲಿದ್ದು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ.

ವೋಲ್ಟೇಜ್ ಇಳಿಯದೆಯೂ ನಿಧಾನ ತಿರುಗಿದರೆ ಅರ್ತ್ ನೋಡಿ. ಇಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿದೆ, ಚಾಸಿಗೆ ಹೊಸ ಪೇಂಟ್ ಬಳಿದಿದೆ. ಕರೆಂಟಿಗೆ ದಾರಿಯೇ ಇಲ್ಲ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ಬ್ಯಾಟರಿ ಪಾಸಿಟಿವ್‌ಗೂ ಸ್ಟಾರ್ಟರ್ ಬೋಲ್ಟಿಗೂ ನಡುವೆ 0.5 ವೋಲ್ಟಿನ ತನಕ ತಡೆದುಕೊಳ್ಳಬಹುದು. ಅರ್ತ್ ಕೆಟ್ಟಿದ್ದರೆ ಬ್ಯಾಟರಿಯಿಂದ ನೇರ ಬ್ಲಾಕಿಗೆ ಒಂದು ದಪ್ಪ ಕೇಬಲ್, ಬ್ಲಾಕಿನಿಂದ ಚಾಸಿಗೆ ಇನ್ನೊಂದು ಎಳೆಯಿರಿ. ಕೂರುವ ಜಾಗದ ಪೇಂಟನ್ನು ಕಬ್ಬಿಣ ಹೊಳೆಯುವಷ್ಟು ಉಜ್ಜಿ, ಬಿಗಿದ ಮೇಲೆ ಗ್ರೀಸ್ ಹಚ್ಚಿ. ಇಸಿಯು ಅರ್ತ್ ಮಾತ್ರ ಪ್ರತ್ಯೇಕವಾಗಿ ಬ್ಯಾಟರಿ ನೆಗೆಟಿವ್‌ಗೇ ಹೋಗಬೇಕು. ಈ ಒಂದು ಕೆಲಸ ಸರಿಯಾದರೆ ಮುಂದೆ ಹೇಳುವ ಎಷ್ಟೋ ವಿಚಿತ್ರ ದೋಷಗಳು ಮಾಯವಾಗುತ್ತವೆ. ಮಳೆಗಾಲದಲ್ಲಿ ಮಾತ್ರ ಬಂದು ಹೋಗುವ ದೋಷಗಳಿಗೂ ಮೊದಲ ಅನುಮಾನ ಅರ್ತ್ ಮೇಲೆಯೇ ಇರಲಿ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಕೀ ಆನ್ ಮಾಡಿದಾಗ ಚೆಕ್ ಇಂಜಿನ್ ದೀಪ ಹೊತ್ತುತ್ತದೆಯೇ ನೋಡಿ. ಹೊತ್ತದಿದ್ದರೆ ಇಸಿಯುಗೆ ಕರೆಂಟೇ ಬಂದಿಲ್ಲ: ಫ್ಯೂಸು, ಮೇನ್ ರಿಲೇ, ಅರ್ತ್. ಟೆಸ್ಟ್ ಲ್ಯಾಂಪನ್ನು ಇಸಿಯುನ ಸಪ್ಲೈ ತಂತಿಗೂ ಅದರ ಅರ್ತ್ ತಂತಿಗೂ ನಡುವೆ ಹಿಡಿಯಿರಿ. ಬಲ್ಬು ಪೂರ್ತಿ ಬೆಳಗಬೇಕು. ತುಕ್ಕು ಹಿಡಿದ ಸಂದಿಯ ಮೂಲಕವೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ. 21 ವ್ಯಾಟ್ ಬಲ್ಬಿನ ಮುಂದೆ ಆ ಸಂದಿಯ ಬಂಡವಾಳ ಬಯಲಾಗುತ್ತದೆ.

ದೀಪ ಹೊತ್ತುತ್ತದೆ, ಸೆಲ್ಫ್ ಹೊಡೆಯುವಾಗ ಮಾತ್ರ ಆರುತ್ತದೆ, ಕೀ ಬಿಟ್ಟ ಕ್ಷಣ ಇಂಜಿನ್ ಒಮ್ಮೆ ಗುರ್ ಎಂದು ನಿಲ್ಲುತ್ತದೆ. ಇದು ಹಳೆ ಇಗ್ನಿಷನ್ ಸ್ವಿಚ್ಚಿನ ಕೆಲಸ. ಆ ಸ್ವಿಚ್ಚುಗಳ ಕೆಲವು ಟರ್ಮಿನಲ್‌ಗಳಿಗೆ ಸ್ಟಾರ್ಟ್ ಸ್ಥಾನದಲ್ಲಿ ಕರೆಂಟ್ ಕಡಿದುಹೋಗುತ್ತದೆ. ಇಸಿಯು ತಂತಿಯನ್ನು ಇಗ್ನಿಷನ್‌ನಲ್ಲೂ ಸ್ಟಾರ್ಟ್‌ನಲ್ಲೂ ಕರೆಂಟ್ ಇರುವ ಟರ್ಮಿನಲ್ಲಿಗೆ ಬದಲಿಸಿ, ಭಾರವನ್ನು ರಿಲೇ ಮೇಲೆ ಹಾಕಿ.

ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಓಡದಂತೆ ತಡೆಯುವ ಸಾಧನ) ದೀಪ ಮಿನುಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಇಂಜಿನ್ ಬಂದ ಗಾಡಿಯ ಕೀ, ಕೀ ಸುತ್ತಲಿನ ಆಂಟೆನಾ ಸುರುಳಿ, ಇಮ್ಮೊಬಿಲೈಸರ್ ಪೆಟ್ಟಿಗೆ, ಇಸಿಯು ಇವೆಲ್ಲ ಒಂದೇ ಸೆಟ್ಟಾಗಿ ಬರಬೇಕು. ಬಿಡಿಯಾಗಿ ತಂದಿದ್ದರೆ ಕಂಪನಿಯ ಸ್ಕ್ಯಾನರ್ ಇರುವವರ ಬಳಿಗೇ ಹೋಗಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ. ಇಂಜಿನ್ ಕೊಳ್ಳುವಾಗ ಮಾರುವವರು ಕೀಯನ್ನೂ ಕೊಡುತ್ತಾರೋ ಎಂದು ಕೇಳಿಯೇ ಮುಂದುವರಿಯಿರಿ.

ಇದೆಲ್ಲ ಸರಿ ಇದ್ದರೆ ಸ್ಕ್ಯಾನರ್ ಹಾಕಿ, ಸೆಲ್ಫ್ ಹೊಡೆಯುತ್ತ ಎರಡು ಅಂಕಿ ನೋಡಿ.

ಒಂದು ಆರ್‌ಪಿಎಂ. ಸೆಲ್ಫ್ ತಿರುಗುತ್ತಿದ್ದರೂ ಸೊನ್ನೆ ಎಂದಿದ್ದರೆ ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸಾರ್ ಸಿಗ್ನಲ್ ಇಲ್ಲ, ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಪಿ0335. ಇಂಜಿನ್ ಬದಲಾವಣೆಯಲ್ಲಿ ಇದಕ್ಕೆ ವಿಶೇಷ ಕಾರಣವೊಂದಿದೆ. ಸೆನ್ಸಾರ್ ಫ್ಲೈವೀಲಿನ ಹಲ್ಲು ಓದುವ ಮಾದರಿಯಾಗಿದ್ದು, ನಡುವೆ ಅಡಾಪ್ಟರ್ ಪ್ಲೇಟ್ ಬಂದಿದ್ದರೆ ಅಥವಾ ಫ್ಲೈವೀಲ್ ಬದಲಾಗಿದ್ದರೆ ಸೆನ್ಸಾರ್ ಹಲ್ಲಿನಿಂದ ದೂರ ಸರಿದಿರುತ್ತದೆ. ನಡುವಿನ ಸಂದು ಸಾಮಾನ್ಯವಾಗಿ 0.5ರಿಂದ 1.5 ಮಿಮೀ. ಜೇಡಿಮಣ್ಣಿನ ಚೂರು ಇಟ್ಟು ಸೆನ್ಸಾರ್ ಕೂರಿಸಿ, ತೆಗೆದು, ಉಳಿದ ದಪ್ಪ ಅಳೆದರೆ ಗೊತ್ತಾಗುತ್ತದೆ. ಅಳೆಯುವಾಗ ಸೆಲ್ಫ್ ಹೊಡೆಯಬೇಡಿ.

ಇನ್ನೊಂದು ರೇಲ್ ಒತ್ತಡ. ಸುಮಾರು 200 ಬಾರ್ ದಾಟುವ ತನಕ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ. ಆರ್‌ಪಿಎಂ ಬರುತ್ತಿದೆ, ಒತ್ತಡ ಏರುತ್ತಿಲ್ಲ ಎಂದರೆ ಡೀಸೆಲ್ ದಾರಿ ಹಿಡಿದು ಹೊರಡಿ, ಟ್ಯಾಂಕಿನಿಂದಲೇ. ಫಿಲ್ಟರಿನಿಂದ ಪಂಪಿಗೆ ಹೋಗುವ ಜಾಗದಲ್ಲಿ ಪಾರದರ್ಶಕ ಹೋಸ್ ಹಾಕಿ. ಕೈಪಂಪ್ ಒತ್ತಿ ಏರ್ ಪೂರ್ತಿ ಹೋಗುವ ತನಕ ಡೀಸೆಲ್ ತುಂಬಿಸಿ. ಸೆಲ್ಫ್ ಹೊಡೆದಾಗ ಗುಳ್ಳೆಗಳ ಸಾಲು ಹರಿದರೆ ಏರ್ ಹಿಡಿಯುತ್ತಿದೆ. ಗುಳ್ಳೆಯೂ ಇಲ್ಲ, ಹೋಸ್ ಚಪ್ಪಟೆಯಾಗುತ್ತಿದೆ ಎಂದರೆ ದಾರಿ ಕಟ್ಟಿದೆ. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಇಟ್ಟು, ಹೋಗುವ ಪೈಪನ್ನೂ ಬರುವ ಪೈಪನ್ನೂ ಅದರಲ್ಲೇ ಮುಳುಗಿಸಿ ನೋಡಿ. ಆಗ ಸ್ಟಾರ್ಟ್ ಆದರೆ ದೋಷ ಜೀಪಿನ ಟ್ಯಾಂಕು, ಪೈಪುಗಳಲ್ಲೇ ಇದೆ, ಇಂಜಿನ್ ನಿರಪರಾಧಿ.

ಸೀಟಿನ ಕೆಳಗಿನ ಮೂಲ ಟ್ಯಾಂಕ್ ಪೆಟ್ರೋಲ್ ಇಂಜಿನ್ನಿಗಾಗಿ ಮಾಡಿದ್ದು. ಅದರಲ್ಲಿ ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ರಿಟರ್ನ್ ಬಾಯಿ ಇರುವುದಿಲ್ಲ, ಪೈಪೂ ಸಣ್ಣದು. ಹೋಗುವುದಕ್ಕೂ ಬರುವುದಕ್ಕೂ ಪೈಪಿನ ಒಳವ್ಯಾಸ 8 ಮಿಮೀ ಇರಲಿ. ರಿಟರ್ನ್ ಬಾಯಿ ಹೀರುವ ಕೊಳವೆಯಿಂದ ದೂರ ಇರಬೇಕು. ಹತ್ತಿರವಿದ್ದರೆ ನೊರೆ ತುಂಬಿದ ಡೀಸೆಲ್ ಮತ್ತೆ ಪಂಪಿಗೇ ಹೋಗುತ್ತದೆ. ತಾಮ್ರದ ಪೈಪು, ಸತು ಬಳಿದ ಟ್ಯಾಂಕು ಬೇಡ. ಈ ಎರಡು ಲೋಹಗಳೂ ಡೀಸೆಲ್ ಜತೆ ಸೇರಿ ಇಂಜೆಕ್ಟರಿನೊಳಗೆ ಗಟ್ಟಿ ಪದರ ಕಟ್ಟುತ್ತವೆ. ತುಕ್ಕು ಹಿಡಿದ ಟ್ಯಾಂಕನ್ನು ತೊಳೆದು ಬಳಸುವ ಆಸೆಯನ್ನೂ ಬಿಡಿ. ಕಣ್ಣಿಗೆ ಕಾಣದಷ್ಟು ಸಣ್ಣ ತುಕ್ಕಿನ ಕಣವೂ ಹೈ ಪ್ರೆಶರ್ ಪಂಪನ್ನು ಕೆರೆಯುತ್ತದೆ. ಹೊಸ ಟ್ಯಾಂಕ್, ನೀರು ಬೇರ್ಪಡಿಸುವ ಫಿಲ್ಟರ್ ಇವೆರಡರ ಖರ್ಚು ಒಂದು ಪಂಪಿನ ಖರ್ಚಿನ ಮುಂದೆ ಏನೂ ಅಲ್ಲ.

ಡೀಸೆಲ್ ಚೆನ್ನಾಗಿ ಬರುತ್ತಿದ್ದೂ ಒತ್ತಡ ಏರದಿದ್ದರೆ ಆಗ ಇಂಜೆಕ್ಟರ್ ಸೋರಿಕೆ ನೋಡುವ ಸಮಯ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಬಾಯಿಗೆ ಒಂದೊಂದು ಬಾಟಲಿ ಕಟ್ಟಿ ಸೆಲ್ಫ್ ಹೊಡೆಯಿರಿ. ಓಡುವ ಇಂಜಿನ್ನಾದರೆ ಐಡ್ಲಿಂಗಿನಲ್ಲಿ ಬಿಡಿ. ಉಳಿದ ಮೂರಕ್ಕಿಂತ ಎರಡು ಮೂರು ಪಟ್ಟು ತುಂಬಿದ ಬಾಟಲಿಯ ಇಂಜೆಕ್ಟರ್ ಹೋಗಿದೆ. ನಾಲ್ಕೂ ಖಾಲಿ, ಒತ್ತಡವೂ ಇಲ್ಲ ಎಂದರೆ ಪಂಪಿನ ನಿಯಂತ್ರಣ ವಾಲ್ವು ಅಥವಾ ಪಂಪೇ ಹೋಗಿರಬಹುದು. ಇಲ್ಲಿಂದ ಮುಂದೆ ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ವರ್ಕ್‌ಶಾಪಿನವರಿಗೆ ಬಿಡಿ. ಬಿಚ್ಚಿದ ಬಾಯಿಗಳಿಗೆಲ್ಲ ಆಗಿಂದಾಗಲೇ ಕ್ಯಾಪ್ ಹಾಕಿ.

ಸ್ಟಾರ್ಟ್ ಆಗಿ ಆರಿಹೋಗುತ್ತದೆ

ಎಷ್ಟು ಹೊತ್ತಿಗೆ ಆರಿತು ಎಂಬುದೇ ಇಲ್ಲಿ ಸುಳಿವು. ಒಂದೆರಡು ಸೆಕೆಂಡಿನಲ್ಲಿ, ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಆರಿದರೆ ಇಮ್ಮೊಬಿಲೈಸರ್. ಅರ್ಧ ನಿಮಿಷ ಓಡಿ ತಡವರಿಸುತ್ತ ಆರಿದರೆ ಏರ್. ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆರಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿರಂಧ್ರ ಮುಚ್ಚಿದೆ. ಆರಿದ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ, ಉಸ್ಸೆಂದು ಗಾಳಿ ಒಳಗೆಳೆದರೆ ಅದೇ. ಮುಚ್ಚಳ ತೆಗೆದಾಗ ಸದ್ದಿಲ್ಲ, ಇಂಜಿನ್ ತಣಿದ ಮೇಲೆಯೇ ಸ್ಟಾರ್ಟ್ ಆಗುತ್ತದೆ ಎಂದರೆ ಬಿಸಿಗೆ ಕೈಕೊಡುವ ಕ್ರ್ಯಾಂಕ್ ಸೆನ್ಸಾರ್. ಸೈಲೆನ್ಸರ್ ಪೈಪನ್ನು ಆ ಸೆನ್ಸಾರಿನ ಮಗ್ಗುಲಲ್ಲೇ ಹಾಯಿಸಿರುವ ಜೀಪುಗಳಲ್ಲಿ ಇದು ಹೆಚ್ಚು. ನಡುವೆ ತಗಡಿನ ತಡೆ ಹಾಕಿ.

ಸ್ಟಾರ್ಟ್ ಆಗುತ್ತದೆ, ಎಳೆತ ಇಲ್ಲ

ಹೊಗೆಯ ಬಣ್ಣ ನೋಡಿ ಎರಡು ದಾರಿ ಹಿಡಿಯಬೇಕು.

ಹೊಗೆಯೇ ಇಲ್ಲ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಆರ್‌ಪಿಎಂ ಒಂದು ಮಿತಿಯಾಚೆ ಹೋಗುವುದಿಲ್ಲ ಎಂದರೆ ಇಸಿಯುವೇ ಡೀಸೆಲ್ ತಡೆದಿದೆ, ಅಂದರೆ ಲಿಂಪ್ ಮೋಡ್. ಮೊದಲು ನೋಡಬೇಕಾದದ್ದು ಬ್ರೇಕ್ ಸ್ವಿಚ್. ಹೊಸ ಇಸಿಯುಗೆ ಬ್ರೇಕ್ ಪೆಡಲಿನಿಂದ ಎರಡು ಸಿಗ್ನಲ್ ಬೇಕು, ಒತ್ತಿದಾಗ ಒಂದು ಕೂಡಬೇಕು, ಇನ್ನೊಂದು ಬಿಡಬೇಕು. ಹಳೆ ಜೀಪಿನಲ್ಲಿರುವುದು ಬ್ರೇಕ್ ಆಯಿಲಿನ ಒತ್ತಡಕ್ಕೆ ಕೂಡುವ ಒಂದೇ ಸಂಪರ್ಕದ ಸ್ವಿಚ್. ಎರಡನೆಯ ಸಿಗ್ನಲ್ ಇಲ್ಲದಾಗ ಯಾರೋ ಬ್ರೇಕ್ ಒತ್ತಿಯೇ ಇದ್ದಾರೆ ಎಂದು ಇಸಿಯು ತಿಳಿಯುತ್ತದೆ. ಕೋಡ್ ಪಿ0504 ಬಂದರೆ ಅನುಮಾನವೇ ಬೇಡ. ಪೆಡಲಿನ ಮೇಲೆ ನಾಲ್ಕು ಪಿನ್ನಿನ ಸ್ವಿಚ್ ಕೂರಿಸಿ. ಕ್ಲಚ್ ಸ್ವಿಚ್ಚನ್ನೂ ಅದರ ಜತೆಗೇ ಪರೀಕ್ಷಿಸಿ.

ನಂತರ ಆಕ್ಸಿಲರೇಟರ್ ಪೆಡಲ್. ಅದರೊಳಗೆ ಎರಡು ಟ್ರ್ಯಾಕ್ ಇವೆ. ಬಹುತೇಕ ಬಾಷ್ ಮಾದರಿಗಳಲ್ಲಿ ಎರಡನೆಯದರ ವೋಲ್ಟೇಜ್ ಮೊದಲಿನದರ ಅರ್ಧ: ಒಂದು 0.7ರಿಂದ 4 ವೋಲ್ಟಿನ ಆಸುಪಾಸಿಗೆ ಏರಿದರೆ ಇನ್ನೊಂದು 0.35ರಿಂದ 2ರ ತನಕ. ಏರಿಕೆ ನಯವಾಗಿರಬೇಕು, ನಡುವೆ ಜಿಗಿಯಬಾರದು. ಪಿ2138 ಕೋಡಿನ ಅರ್ಥ ಎರಡೂ ಹೊಂದುತ್ತಿಲ್ಲ ಎಂದು. ಎರಡು ಟ್ರ್ಯಾಕಿನ ಅರ್ತ್‌ಗಳನ್ನು ಒಟ್ಟಿಗೆ ಜೋಡಿಸಿ ಚಾಸಿಗೆ ಕಟ್ಟಿದರೆ ಈ ಕೋಡ್ ಬರುತ್ತದೆ. ಎರಡೂ ತಂತಿ ಇಸಿಯುಗೇ ವಾಪಸು ಹೋಗಬೇಕು.

ಜೀಪಿನ ಟಿ-90 ಗೇರ್‌ಬಾಕ್ಸ್, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಡಾನಾ 18 ಟ್ರಾನ್ಸ್‌ಫರ್ ಕೇಸ್ ಹಾಗೆಯೇ ಉಳಿದಿದ್ದರೆ ಸ್ಪೀಡಿಗೆ ಕೇಬಲ್ ಮಾತ್ರ ಇರುತ್ತದೆ, ಎಲೆಕ್ಟ್ರಿಕ್ ಸಿಗ್ನಲ್ ಇರುವುದಿಲ್ಲ. ಕೆಲವು ಇಸಿಯುಗಳು ಇದಕ್ಕೆ ಪಿ0500 ಕೋಡ್ ಹಾಕಿ ಎಳೆತ ತಗ್ಗಿಸುತ್ತವೆ. ಕೇಬಲಿನ ನಡುವೆ ಕೂರುವ ಸ್ಪೀಡ್ ಸೆನ್ಸಾರ್ ಹಾಕಿದರೆ ಪರಿಹಾರ.

ಕಪ್ಪು ಹೊಗೆ ಬರುತ್ತಿದ್ದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಇಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಮಾಡಿ ಮ್ಯಾನಿಫೋಲ್ಡ್ ಒತ್ತಡ ಓದಿ. ಅದು ನೀವಿರುವ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88ರ ಹತ್ತಿರ. ಇದಕ್ಕಿಂತ ಬಹಳ ದೂರವಿದ್ದರೆ ಸೆನ್ಸಾರ್ ಅಥವಾ ಅದರ ತಂತಿ ಕೆಟ್ಟಿದೆ. ಅಂಕಿ ಸರಿಯಿದ್ದು, ಓಡುವಾಗ ಟರ್ಬೊ ಒತ್ತಡ ಏರದಿದ್ದರೆ ಕೋಡ್ ಪಿ0299, ಹೋಸುಗಳನ್ನು ಹುಡುಕಿ. ಜೀಪಿನ ಮುಂಭಾಗದಲ್ಲಿ ಇಂಟರ್‌ಕೂಲರಿಗೆ ಜಾಗ ಮಾಡಲು ಹೋಸನ್ನು ಬಾಗಿಸಿ ಬಾಗಿಸಿ ತಂದಿರುತ್ತಾರೆ. ರೇಡಿಯೇಟರ್‌ಗೆ ಬಳಸುವ ಸಾದಾ ರಬ್ಬರ್ ಹೋಸು ಟರ್ಬೊ ಹೀರುವ ಕಡೆ ಒಳಕ್ಕೆ ಕುಸಿಯುತ್ತದೆ, ಇಂಜಿನ್ ನಿಂತಾಗ ಮತ್ತೆ ನೆಟ್ಟಗಾಗುತ್ತದೆ. ಕಣ್ಣಿಗೆ ಬೀಳಬೇಕಾದರೆ ಒಬ್ಬರು ಆಕ್ಸಿಲರೇಟರ್ ಒತ್ತಬೇಕು, ಇನ್ನೊಬ್ಬರು ನೋಡಬೇಕು. ಒತ್ತಡದ ಕಡೆಯ ಸೋರಿಕೆಗೆ ಸೋಪಿನ ನೀರು ಸಾಕು. ಜೋಡಣೆಯ ಸುತ್ತ ತೆಳು ಆಯಿಲ್ ಪದರ ಕಂಡರೆ ಅಲ್ಲೇ ಗಾಳಿ ಹೋಗುತ್ತಿದೆ.

ಏರ್‌ಫ್ಲೋ ಸೆನ್ಸಾರ್ ಇರುವ ಇಂಜಿನ್ನಿನಲ್ಲಿ ಅದನ್ನು ಮೂಲ ಅಳತೆಯ ಕೊಳವೆಯಲ್ಲೇ ಇಡಿ, ಬಾಣದ ಗುರುತು ಇಂಜಿನ್ ಕಡೆಗಿರಲಿ, ಮುಂದೆ ಹತ್ತು ಸೆಂಟಿಮೀಟರಾದರೂ ನೆಟ್ಟಗಿನ ಪೈಪಿರಲಿ. ಕೊಳವೆಯ ಸುತ್ತಳತೆ ಬದಲಾದರೆ ಅದರ ಲೆಕ್ಕವೇ ತಪ್ಪುತ್ತದೆ. ಹಳೆ ಜೀಪಿನ ಸಣ್ಣ ಸೈಲೆನ್ಸರ್ ಉಳಿಸಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ. ಟರ್ಬೊ ಇಂಜಿನ್ನಿಗೆ 50ರಿಂದ 57 ಮಿಮೀ ಪೈಪ್ ಬೇಕು.

ಬಿಳಿ ಹೊಗೆ, ಬೆಳಗ್ಗೆ ಮಾತ್ರ, ಎರಡು ನಿಮಿಷ: ಹೀಟರ್ ಪ್ಲಗ್. ಬಿಳಿ ಹೊಗೆ ನಿಲ್ಲದೆ ಬರುತ್ತ, ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ನೀಲಿ ಹೊಗೆ ಬಂದರೆ ಟರ್ಬೊದ ಆಯಿಲ್ ರಿಟರ್ನ್ ಪೈಪು ಎಲ್ಲಾದರೂ ಮೇಲೆದ್ದು ಇಳಿದಿದೆಯೇ ನೋಡಿ. ಮೌಂಟಿಂಗಿಗೆ ಜಾಗ ಮಾಡಲು ಆ ಪೈಪನ್ನು ಬಾಗಿಸಿದ್ದರೆ ಆಯಿಲ್ ಇಳಿಯಲಾರದೆ ಟರ್ಬೊ ಸೀಲಿನಿಂದ ಒಳನುಗ್ಗುತ್ತದೆ. ಹೀಗಾದರೆ ಗಾಡಿ ಓಡಿಸಬೇಡಿ. ಮೊದಲು ಹೇಳಿದ ರೇಸ್ ಆಗುವ ಅಪಾಯ ಶುರುವಾಗುವುದೇ ಇಲ್ಲಿಂದ.

ನೀರು ಕುದಿಯುತ್ತದೆ

ಎಲ್ಲಿ ಕುದಿಯುತ್ತದೆ ಎಂಬುದರಿಂದಲೇ ಅರ್ಧ ಉತ್ತರ ಸಿಗುತ್ತದೆ. ಫೋರ್ ಲೋನಲ್ಲಿ (ನಾಲ್ಕು ಚಕ್ರವೂ ಎಳೆಯುವ ಅತಿ ನಿಧಾನದ ಗೇರ್) ಮೆಲ್ಲಗೆ ಹತ್ತುವಾಗ ಮಾತ್ರ ಬಿಸಿಯಾಗಿ, ಬಯಲು ರಸ್ತೆಯಲ್ಲಿ ತಣಿದರೆ ಫ್ಯಾನಿನ ಗಾಳಿ ಸಾಲದು. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಬಿಸಿಯಾದರೆ ರೇಡಿಯೇಟರ್ ಸಾಮರ್ಥ್ಯ ಅಥವಾ ನೀರಿನ ಹರಿವು ಕಡಿಮೆ. ಕೋಲ್ಡ್ ಸ್ಟಾರ್ಟ್ ಆದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಅಲ್ಲಿಗೆ ನಿಲ್ಲಿಸಿ ಹೆಡ್ ಕೆಲಸ ಬಲ್ಲವರ ಬಳಿ ಹೋಗಿ.

ಗಾಳಿ ಸಾಲದಿದ್ದರೆ ಫ್ಯಾನಿಗೆ ಶ್ರೌಡ್ (ಸುತ್ತಲಿನ ಕವಚ) ಇದೆಯೇ ನೋಡಿ. ರೆಕ್ಕೆ ಅರ್ಧ ಶ್ರೌಡಿನೊಳಗೆ, ಅರ್ಧ ಹೊರಗೆ ಇರಬೇಕು. ಎಲೆಕ್ಟ್ರಿಕ್ ಫ್ಯಾನಾದರೆ ತಂತಿ ಅದಲು ಬದಲಾಗಿ ಉಲ್ಟಾ ತಿರುಗುತ್ತಿದೆಯೇ ಎಂಬುದನ್ನು ರೇಡಿಯೇಟರ್ ಮುಂದೆ ಕಾಗದ ಹಿಡಿದು ಪರೀಕ್ಷಿಸಿ. ಕಾಗದ ರೇಡಿಯೇಟರಿಗೆ ಅಂಟಿಕೊಳ್ಳಬೇಕು.

ಗೇಜಿನ ಮುಳ್ಳು ಇದ್ದಕ್ಕಿದ್ದಂತೆ ಏರಿ, ಇದ್ದಕ್ಕಿದ್ದಂತೆ ಇಳಿಯುತ್ತಿದ್ದರೆ ನೀರಿನಲ್ಲಿ ಏರ್ ಸಿಕ್ಕಿದೆ. ಸಿಜೆ3ಬಿಯ ಬಾನೆಟ್ ಎತ್ತರವಾಗಿದ್ದರೂ ಹೊಸ ಇಂಜಿನ್ನಿನ ಥರ್ಮೋಸ್ಟಾಟ್ ಬಾಯಿ ರೇಡಿಯೇಟರಿನ ತಲೆಗಿಂತ ಮೇಲೆ ಬರುವುದುಂಟು. ಆಗ ಇಡೀ ವ್ಯವಸ್ಥೆಯ ಅತಿ ಎತ್ತರದ ಜಾಗದಲ್ಲಿ ಒತ್ತಡ ತಡೆಯುವ ಎಕ್ಸ್‌ಪಾನ್ಷನ್ ಬಾಟಲಿ ಇಟ್ಟು, ಥರ್ಮೋಸ್ಟಾಟ್ ಬಾಯಿಯಿಂದ ಸಣ್ಣ ಹೋಸೊಂದನ್ನು ಅದಕ್ಕೆ ತರಬೇಕು. ಮುಂದಿನ ಚಕ್ರಗಳನ್ನು ಏರಿನಲ್ಲಿಟ್ಟು ನೀರು ತುಂಬಿಸಿ. ಜೀಪಿಗೆ ಕ್ಯಾಬಿನ್ ಹೀಟರ್ ಇಲ್ಲವೆಂದು ಅದರ ಎರಡು ಬಾಯಿಗಳನ್ನು ಮುಚ್ಚಿಬಿಡಬೇಡಿ. ಥರ್ಮೋಸ್ಟಾಟ್ ಮುಚ್ಚಿರುವಾಗ ಕೆಲವು ಇಂಜಿನ್‌ಗಳಲ್ಲಿ ನೀರು ಸುತ್ತುವುದೇ ಆ ದಾರಿಯಲ್ಲಿ. ಎರಡನ್ನೂ ಹೋಸಿನಿಂದ ಕೂಡಿಸಿ.

ಹಳೆ ಹಿತ್ತಾಳೆ ರೇಡಿಯೇಟರಿಗೆ ಹೊಸ ಕಾಲದ 1 ಬಾರ್ ಕ್ಯಾಪ್ ಹಾಕಿದರೆ ಬೆಸುಗೆ ಬಿಡುತ್ತದೆ. ಕ್ಯಾಪ್ ತಗ್ಗಿಸಿದರೆ ನೀರು ಬೇಗ ಕುದಿಯುತ್ತದೆ. ಹಳೆಯದನ್ನು ಉಳಿಸಿಕೊಳ್ಳಬೇಕೆಂದಿದ್ದರೆ ಚೌಕಟ್ಟು ಉಳಿಸಿ ಒಳಗಿನ ಕೋರನ್ನು ಹೆಚ್ಚು ಸಾಲಿನದಕ್ಕೆ ಬದಲಿಸಿ, ಒತ್ತಡ ಪರೀಕ್ಷೆ ಮಾಡಿಸಿ. ಬಿಸಿ ಇರುವಾಗ ಕ್ಯಾಪ್ ತೆಗೆಯಬೇಡಿ.

ನಡುಗುತ್ತದೆ, ಸದ್ದು ಬರುತ್ತದೆ

ನಿಂತಲ್ಲೇ ಐಡ್ಲಿಂಗಿನಲ್ಲಿ ನಡುಕ, ರೇಸ್ ಮಾಡಿದರೆ ಇಲ್ಲ: ಮೌಂಟಿಂಗ್ ರಬ್ಬರ್ ಗಟ್ಟಿ, ಅಥವಾ ಇಂಜಿನ್ ಎಲ್ಲೋ ಚಾಸಿಗೆ ತಾಗುತ್ತಿದೆ. ಸೈಲೆನ್ಸರ್ ಪೈಪು ಚಾಸಿಗೆ ತಾಗಿದರೂ ಹೀಗೇ. ನ್ಯೂಟ್ರಲ್‌ನಲ್ಲಿ ಆರ್‌ಪಿಎಂ ಜತೆ ನಡುಕ ಏರಿದರೆ ಫ್ಲೈವೀಲ್, ಕ್ಲಚ್ ಬ್ಯಾಲೆನ್ಸ್. ಆರ್‌ಪಿಎಂ ಏನೇ ಇರಲಿ, ವೇಗದ ಜತೆಗೇ ಏರಿದರೆ ಪ್ರೊಪೆಲ್ಲರ್ ಶಾಫ್ಟ್.

ಸಿಜೆ3ಬಿಯ ವೀಲ್‌ಬೇಸ್ 80 ಇಂಚು, ಅಂದರೆ 2032 ಮಿಮೀ. ಉದ್ದನೆಯ ಐದು ಗೇರಿನ ಬಾಕ್ಸ್ ಬಂದರೆ ಹಿಂದಿನ ಶಾಫ್ಟ್ ತೀರಾ ಗಿಡ್ಡವಾಗಿ, ಇಳಿಜಾರು ಜಾಸ್ತಿಯಾಗುತ್ತದೆ. ಮೂಲ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಬಾಯಿ ಬಲಕ್ಕೆ ಸರಿದಿದೆ, ಹಿಂದಿನ ಆಕ್ಸಲಿನ ಗೋಳವೂ ಬಲಕ್ಕಿದೆ. ನಡುವಿನಿಂದ ಹೊರಡುವ ಹೊಸ ಟ್ರಾನ್ಸ್‌ಫರ್ ಕೇಸ್ ಹಾಕಿ ಆಕ್ಸಲ್ ಹಳೆಯದನ್ನೇ ಬಿಟ್ಟರೆ ಶಾಫ್ಟ್ ಎರಡು ದಿಕ್ಕಿಗೂ ಓರೆಯಾಗಿ, ಶಾಫ್ಟಿನ ತುದಿಯ ಕೀಲುಗಳಾದ ಕ್ರಾಸ್‌ಗಳು ಒಂದಾದ ಮೇಲೊಂದು ಹೋಗುತ್ತವೆ. ಟ್ರಾನ್ಸ್‌ಫರ್ ಕೇಸಿನ ಬಾಯಿ, ಆಕ್ಸಲಿನ ಪಿನಿಯನ್ ಎರಡರ ಕೋನವನ್ನೂ ಫೋನಿನ ಲೆವೆಲ್ ಆಪ್‌ನಿಂದ ಅಳೆಯಿರಿ. ಎರಡೂ ಒಂದು ಡಿಗ್ರಿಯೊಳಗೆ ಸಮಾಂತರವಾಗಿರಬೇಕು. ಶಾಫ್ಟಿನ ಎರಡು ತುದಿಯ ಯೋಕ್‌ಗಳೂ ಒಂದೇ ಸಾಲಿನಲ್ಲಿರಬೇಕು. ಅಳೆಯುವಾಗ ಗಾಡಿ ತನ್ನ ಚಕ್ರಗಳ ಮೇಲೆಯೇ ನಿಂತಿರಲಿ.

ಹಳ್ಳ ಹಾರಿದಾಗ ಢಣ್ ಎಂದರೆ ಮುಂದಿನ ಆಕ್ಸಲ್ ಆಯಿಲ್ ಚೇಂಬರಿಗೆ ಬಡಿಯುತ್ತಿದೆ. ಚೇಂಬರಿನ ತಳಕ್ಕೆ ಮೇಣದ ಉಂಡೆ ಅಂಟಿಸಿ ಒಂದು ಸುತ್ತು ಹೋಗಿ ಬನ್ನಿ, ಗುರುತು ಬೀಳುತ್ತದೆ. ಆಕ್ಸಲ್ ಬಂಪ್ ಸ್ಟಾಪ್ ರಬ್ಬರಿಗೆ ತಾಗಿ ನಿಂತಾಗಲೂ 25 ಮಿಮೀ ಅಂತರ ಉಳಿಯಬೇಕು.

ಕ್ಲಚ್ ಒತ್ತಿದರೂ ಗೇರ್ ಕರಕರ ಎನ್ನುತ್ತದೆ

ಕ್ಲಚ್ ಪೂರ್ತಿ ಒತ್ತಿ, ಐದು ಸೆಕೆಂಡ್ ತಡೆದು, ರಿವರ್ಸ್ ಹಾಕಿ. ಆಗಲೂ ಕರಕರ ಎಂದರೆ ಗೇರ್‌ಬಾಕ್ಸಿನ ಶಾಫ್ಟ್ ತಿರುಗುತ್ತಲೇ ಇದೆ. ಕ್ಲಚ್ ಲೈನಿನ ಏರ್ ತೆಗೆಯುವುದು, ರಾಡಿನ ಅಳತೆ ಹೊಂದಿಸುವುದು ಸುಲಭದ ಕೆಲಸಗಳು. ಅದಕ್ಕೂ ಬಗ್ಗದಿದ್ದರೆ ಪೈಲಟ್ ಬೇರಿಂಗ್ ಶಾಫ್ಟನ್ನು ಹಿಡಿಯುತ್ತಿದೆ, ಇಲ್ಲವೇ ಅಡಾಪ್ಟರ್ ಪ್ಲೇಟಿನ ನಡುರಂಧ್ರ ಕ್ರ್ಯಾಂಕಿನ ಕೇಂದ್ರಕ್ಕೆ ಸರಿಯಾಗಿಲ್ಲ. ಬಾಕ್ಸ್ ಇಳಿಸಿ, ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಕೈಯಿಂದ ತಿರುಗಿಸುತ್ತ ಬೆಲ್ ಹೌಸಿಂಗಿನ ರಂಧ್ರ ಅಳೆಯಿರಿ. ಒಟ್ಟು ಓಲಾಟ 0.15 ಮಿಮೀ ದಾಟಿದರೆ ಪ್ಲೇಟನ್ನು ಲೇತಿಗೆ ವಾಪಸು ಕೊಡಿ. ಇದನ್ನು ಹಾಗೇ ಬಿಟ್ಟರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಹೋಗುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಒಡೆಯುತ್ತದೆ.

ಬಾಕ್ಸ್ ಕೂರಿಸುವಾಗ ಕೊನೆಯ ಕೆಲವು ಮಿಲಿಮೀಟರ್ ಸಂದು ಉಳಿದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಶಾಫ್ಟಿನ ತುದಿ ಕ್ರ್ಯಾಂಕಿನ ತಳಕ್ಕೆ ತಾಗಿರಬಹುದು. ಬಿಗಿದರೆ ಕ್ರ್ಯಾಂಕ್ ಮುಂದಕ್ಕೆ ಒತ್ತಿಕೊಂಡು ಥ್ರಸ್ಟ್ ವಾಷರ್ ಸವೆಯುತ್ತದೆ. ಕ್ಲಚ್ ಒತ್ತಿದ ಕೂಡಲೇ ಐಡ್ಲಿಂಗ್ ಇಳಿಯುವುದು, ಸದ್ದು ಬದಲಾಗುವುದು ಅದರ ಗುರುತು.

155ಕ್ಕೆ ಮಾಡಿದ ಗೇರ್‌ಬಾಕ್ಸಿಗೆ 247 ನ್ಯೂಟನ್ ಮೀಟರ್ ಹಾಕಿದ ಮೇಲೆ ಫೋರ್ ಲೋನಲ್ಲಿ ಕ್ಲಚ್ ಥಟ್ಟನೆ ಬಿಡುವ ಅಭ್ಯಾಸ ಬಿಡಲೇಬೇಕು. ಹಲ್ಲು ಮುರಿದ ಗೇರು ಮುನ್ಸೂಚನೆ ಕೊಡುತ್ತದೆ: ಒಂದೇ ಗೇರಿನಲ್ಲಿ, ಸುತ್ತಿಗೊಮ್ಮೆ ಟಕ್ ಎಂಬ ಸದ್ದು. ಡ್ರೈನ್ ಪ್ಲಗ್ ತೆಗೆದು ಆಯಿಲಿನಲ್ಲಿ ಅಯಸ್ಕಾಂತ ಆಡಿಸಿ. ನಯವಾದ ಬೂದುಪುಡಿ ಸಹಜ. ಉಗುರಿಗೆ ಸಿಗುವ ಚೂರು ಬಂದರೆ ಓಡಿಸುವುದನ್ನು ನಿಲ್ಲಿಸಿ.

ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿ

ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಸಾಕಾಗುವ ವ್ಯಾಕ್ಯೂಮ್ ಇರುವುದಿಲ್ಲ, ಪ್ರತ್ಯೇಕ ಪಂಪಿನಿಂದ ಬರಬೇಕು. ಇಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಹೋಸು, ಅದರ ಒನ್‌ವೇ ವಾಲ್ವ್ ನೋಡಿ. ಬೂಸ್ಟರ್ ಇಲ್ಲದ, ಒಂದೇ ಸರ್ಕ್ಯೂಟಿನ ಮೂಲ ಡ್ರಮ್ ಬ್ರೇಕುಗಳನ್ನು ಈ ಇಂಜಿನ್ ಜತೆ ಹಾಗೇ ಉಳಿಸಿಕೊಂಡು ಶಿರಾಡಿ, ಚಾರ್ಮಾಡಿ ಇಳಿಯುವುದು ಜೀವಕ್ಕೆ ಅಪಾಯ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಬೂಸ್ಟರ್, ಸಾಧ್ಯವಾದರೆ ಮುಂದೆ ಡಿಸ್ಕ್ ಬರುವ ತನಕ ಗಾಡಿಯನ್ನು ಘಾಟಿಗೆ ಇಳಿಸಬೇಡಿ.

ಏರಿನಲ್ಲಿ ಆಯಿಲ್ ದೀಪ ಹೊತ್ತುತ್ತದೆ

ಕೂಡಲೇ ಇಂಜಿನ್ ನಿಲ್ಲಿಸಿ. ಸಮತಟ್ಟು ಜಾಗದಲ್ಲಿ ಆಯಿಲ್ ಮಟ್ಟ ನೋಡಿ. ಆಕ್ಸಲಿಗೆ ಜಾಗ ಬಿಡಲು ಚೇಂಬರ್ ಕತ್ತರಿಸಿ ವೆಲ್ಡ್ ಮಾಡಿಸಿದ್ದರೆ ಹೀರುವ ಕೊಳವೆಯ ಸುತ್ತ ಆಯಿಲ್ ನಿಲ್ಲುವ ಜಾಗ ಕಡಿಮೆಯಾಗಿರುತ್ತದೆ, ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿದಾಗ ಪಂಪ್ ಗಾಳಿ ಎಳೆಯುತ್ತದೆ. ಚೇಂಬರಿನೊಳಗೆ ತಡೆಗೋಡೆ ಹಾಕಿಸಬೇಕು, ಒಟ್ಟು ಆಯಿಲ್ ಮೂಲ ಅಳತೆಗಿಂತ ಕಡಿಮೆಯಾಗಬಾರದು, ಡಿಪ್‌ಸ್ಟಿಕ್ಕಿನ ಗುರುತನ್ನೂ ಹೊಸದಾಗಿ ಹಾಕಬೇಕು.

ಹಳೆ ಗೇಜಿಗೆ ಹೊಸ ಇಂಜಿನ್ನಿನ ಸೆಂಡರ್ (ಗೇಜಿಗೆ ಒತ್ತಡದ ಸಿಗ್ನಲ್ ಕಳಿಸುವ ಭಾಗ) ಜೋಡಿಸಿದ್ದರೆ ಮುಳ್ಳನ್ನು ನಂಬಬೇಡಿ. ಮೆಕ್ಯಾನಿಕಲ್ ಗೇಜೊಂದನ್ನು ತಾತ್ಕಾಲಿಕವಾಗಿ ಹಾಕಿ ನಿಜವಾದ ಒತ್ತಡ ನೋಡಿ. ಹಳೆ ಡ್ಯಾಶ್‌ಬೋರ್ಡಿನ ಚಂದ ಉಳಿಯಬೇಕೆಂದರೆ ಗೇಜಿನ ಜತೆಗಿದ್ದ ಹಳೆ ಸೆಂಡರನ್ನೇ ಅಡಾಪ್ಟರ್ ನಟ್ಟಿನ ಮೂಲಕ ಬ್ಲಾಕಿಗೆ ಕೂರಿಸಿ. ಇಸಿಯುನ ಸೆನ್ಸಾರ್‌ಗಳಿಗೆ ಗೇಜಿನ ತಂತಿ ಕೂಡಿಸಬೇಡಿ.

ಹೆದ್ದಾರಿಯಲ್ಲಿ ಇಂಜಿನ್ ಕಿರುಚುತ್ತದೆ

ಇದು ದೋಷವಲ್ಲ, ಲೆಕ್ಕ. ಮೂಲ ಆಕ್ಸಲಿನ ರೇಶಿಯೋ 5.38. 6.00-16 ಟೈರಿನಲ್ಲಿ, ನೇರ ಟಾಪ್ ಗೇರಿನಲ್ಲಿ 3,000 ಆರ್‌ಪಿಎಂಗೆ ಗಾಡಿ ಹೋಗುವುದು ಸುಮಾರು 73 ಕಿಮೀ ವೇಗದಲ್ಲಿ. 7.00-16 ಟೈರಿಗೆ ಅದು 80ರ ಹತ್ತಿರ ಬರುತ್ತದೆ. ಓವರ್‌ಡ್ರೈವ್ ಇರುವ ಐದು ಗೇರಿನ ಬಾಕ್ಸ್ ಇದ್ದರೆ ಇನ್ನಷ್ಟು ಹಗುರ. ಆಕ್ಸಲ್ ರೇಶಿಯೋ ಬದಲಿಸುವುದಾದರೆ ಮುಂದೆ ಹಿಂದೆ ಎರಡನ್ನೂ ಒಂದೇ ರೇಶಿಯೋಗೆ ಬದಲಿಸಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್‌ಗಳು ಪರಸ್ಪರ ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತವೆ. ರಸ್ತೆಗೆ ಇಳಿಸುವ ಮುಂಚೆ ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್, ಇಂಧನದ ವಿವರ ಸೇರಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಥ ಬದಲಾವಣೆಗೆ ಆರ್‌ಟಿಒ ಅನುಮತಿಯನ್ನು ಮೊದಲೇ ಪಡೆಯಬೇಕು. ನಿಮ್ಮ ಜೀಪಿಗೆ ಯಾವ ಇಂಜಿನ್ ಒಪ್ಪುತ್ತಾರೆ ಎಂಬುದನ್ನು ಇಂಜಿನ್ ಕೊಳ್ಳುವ ಮುಂಚೆಯೇ ಆ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ.